‘ಸದ್ಯಕ್ಕೆ’ ಎಂಬ ಒಂದು ಮಾತು

1971ನೆಯ ಇಸವಿಯ ಮಾತು. ನನ್ನ ತಂದೆಯವರಿಗೆ ಎದೆನೋವು ಕಾಣಿಸಿಕೊಂಡು ಊರಿನ ಆಸ್ಪತ್ರೆಗೆ ಸೇರಿಸಿದ್ದೆವು. ನಾಲ್ಕನೆಯ ದಿನ ಬೆಳಗ್ಗೆ ಹಿರಿಯ ಡಾಕ್ಟರೊಬ್ಬರು, ಅವರ ಜೊತೆಗೆ ಇನ್ನೊಬ್ಬರು, ಬಂದು ನೋಡಿದರು. ನೋಡಿ ಪಕ್ಕದ ಕೋಣೆಗೆ ಹೋಗಿ ಮಾತನಾಡತೊಡಗಿದರು. ಬಾಗಿಲು ಅರ್ಧ ತೆರೆದಿತ್ತು. ನಾನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಅವರಾಡಿದ ಇಂಗ್ಲಿಷಿನಲ್ಲಿ ಅರ್ಧ ನನಗೆ ತಿಳಿಯಲಿಲ್ಲ. ತಿಳಿದ ಅರ್ಧದಲ್ಲಿ ‘ಹೀಗಿರಬಹುದು’, ‘ಹೀಗೂ ಇರಬಹುದು’, ‘ಇದು ಅದಕ್ಕೆ ಹೊಂದುವುದಿಲ್ಲ’, ‘ಇನ್ನೆರಡು ದಿನ ನೋಡದೆ ಹೇಳಲಾಗದು’ ಎಂಬಂಥ ಮಾತುಗಳೇ ಹೆಚ್ಚು. ಸ್ವಲ್ಪ ಹೊತ್ತಿಗೆ ಹಿರಿಯ ಡಾಕ್ಟರು ಹೊರಗೆ ಬಂದರು. ನಾನು ಎದ್ದು ನಿಂತೆ. ಅವರು ನನ್ನ ಭುಜ ತಟ್ಟಿ, “ಸದ್ಯಕ್ಕೆ ಯೋಚನೆಯಿಲ್ಲಪ್ಪ” ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು.

ನಮ್ಮ ಅಣ್ಣ ಆಗ ಭಿಲಾಯಿಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಹೊರಡಲೋ ಬೇಡವೋ ಎಂದು ಕೇಳಿ ಕಾಗದ ಬರೆದಿದ್ದರು. ಅಂದು ಮಧ್ಯಾಹ್ನವೇ ನಾನು ಉತ್ತರ ಬರೆದು ಹಾಕಿದೆ: “ಡಾಕ್ಟರು ನೋಡಿದರು. ಯೋಚನೆಯಿಲ್ಲವೆಂದು ಹೇಳಿದ್ದಾರೆ. ನೀವು ರಜ ಹಾಕಿ ಬರುವ ಅಗತ್ಯವಿಲ್ಲ.”

ಹನ್ನೆರಡನೆಯ ದಿನ ಬೆಳಗಿನ ಜಾವ ತಂದೆಯವರು ತೀರಿಕೊಂಡರು. ತಂತಿ ಕೊಟ್ಟೆವು. ಅಣ್ಣ ಬಂದು ಸೇರುವ ಹೊತ್ತಿಗೆ ಎಲ್ಲ ಮುಗಿದು ಮೂರು ದಿನವಾಗಿತ್ತು. ಹಿರಿಯ ಮಗ ಮಾಡಬೇಕಾದುದನ್ನು ಕಿರಿಯವನಾದ ನಾನು ಮಾಡಿದ್ದೆ. ಅವರು ಯಾರನ್ನೂ ದೂರಲಿಲ್ಲ. ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಜಗಲಿಯ ಮೇಲೆ ಕುಳಿತಿದ್ದಾಗ, ಜೇಬಿನಿಂದ ನನ್ನ ಕಾಗದ ತೆಗೆದು, “ಅವರು ಹೀಗೇ ಹೇಳಿದರೇನೋ?” ಎಂದು ಕೇಳಿದರು. “ಹೌದು” ಎಂದೆ. ಅದು ಸುಳ್ಳೆಂದು ನನಗೆ ಹೊಳೆದದ್ದು ರಾತ್ರಿ ಮಲಗಿದ ಮೇಲೆ. ಡಾಕ್ಟರು ‘ಸದ್ಯಕ್ಕೆ’ ಎಂದಿದ್ದರು. ಆ ಮಾತನ್ನು ನಾನು ಕಾಗದದಲ್ಲಿ ಬರೆದಿರಲಿಲ್ಲ.

ಮನೆಯ ಸಂಗತಿಯನ್ನು ಇಲ್ಲಿ ತಂದದ್ದಕ್ಕೆ ಓದುಗರು ಮನ್ನಿಸಬೇಕು. ತಿಳಿದವರು ತಮ್ಮೊಳಗೆ ಮಾತನಾಡುವುದಕ್ಕೂ ತಿಳಿಯದವರೊಡನೆ ಮಾತನಾಡುವುದಕ್ಕೂ ನಡುವೆ ಏನಾಗುತ್ತದೆ ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಅಂದಿನಿಂದ. ಕೋಣೆಯೊಳಗೆ ಸಂದೇಹ ಪೂರ್ತಿಯಾಗಿ ಇತ್ತು. ಬಾಗಿಲು ದಾಟಿ ಬರುವಾಗ ಅದು ‘ಸದ್ಯಕ್ಕೆ’ ಎಂಬ ಒಂದು ಮಾತಿನಷ್ಟಕ್ಕೆ ಇಳಿಯಿತು. ಅಂಚೆಯ ಡಬ್ಬಿಗೆ ಬೀಳುವ ಹೊತ್ತಿಗೆ ಅದೂ ಹೋಗಿತ್ತು. ಯಾರೂ ಬೇಕೆಂದು ಸುಳ್ಳಾಡಲಿಲ್ಲ. ಆದರೂ ಕೊನೆಯಲ್ಲಿ ಭಿಲಾಯಿಗೆ ತಲುಪಿದ್ದು ನಿಜವಾಗಿರಲಿಲ್ಲ.

ನಾನು ವಿಜ್ಞಾನಿಯಲ್ಲ, ವಿಜ್ಞಾನದ ಬರಹಗಳನ್ನು ಆಸೆಯಿಂದ ಓದುವವನು, ಅಷ್ಟೆ. ಓದಿದಷ್ಟರಲ್ಲಿ ನನಗೆ ಕಂಡದ್ದು ಇದು: ವಿಜ್ಞಾನಿಗಳು ತಮ್ಮೊಳಗೆ ಮಾತನಾಡುವ ರೀತಿ ಮನುಷ್ಯಕುಲ ಕಲಿತ ಒಳ್ಳೆಯ ನಡತೆಗಳಲ್ಲಿ ಒಂದು. ಅದು ಹುಟ್ಟಿನಿಂದ ಬಂದದ್ದಲ್ಲ, ಕಷ್ಟಪಟ್ಟು ಕಲಿತದ್ದು. ಹದಿನೇಳನೆಯ ಶತಮಾನದಲ್ಲಿ ಯೂರೋಪಿನ ಪಂಡಿತರು ತಾವು ಕಂಡದ್ದನ್ನು ಹೇಳಿಯೂ ಹೇಳದ ಹಾಗಿರುತ್ತಿದ್ದರು. ಗೆಲಿಲಿಯೋ 1610ರಲ್ಲಿ ಶನಿಗ್ರಹದ ವಿಚಿತ್ರ ಆಕಾರವನ್ನು ಕಂಡಾಗ, ಅದನ್ನು ತಿಳಿಸುವ ವಾಕ್ಯದ ಅಕ್ಷರಗಳನ್ನೆಲ್ಲ ಕಲಸಿ ಒಗಟು ಮಾಡಿ ಕಳಿಸಿದ. ಎಳೆದಷ್ಟೂ ಬಲ ಹೆಚ್ಚುವ ಸ್ಪ್ರಿಂಗಿನ ನಿಯಮವನ್ನು ಕಂಡ ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಹೀಗೇ ಅಕ್ಷರಗಳ ಒಂದು ಸಾಲನ್ನು ಅಚ್ಚುಮಾಡಿಸಿ, 1678ರಲ್ಲಿ ಅದರ ಅರ್ಥವನ್ನು ಬಿಚ್ಚಿದ. ಬೇರೆಯವರು ಕದಿಯಬಾರದು, ಆದರೆ ಮೊದಲು ಕಂಡವನು ತಾನೇ ಎಂಬುದಕ್ಕೆ ದಾಖಲೆ ಇರಬೇಕು! ಹಣವನ್ನು ನೆಲದಲ್ಲಿ ಹೂತು ಮೇಲೆ ಗುರುತಿನ ಕಲ್ಲು ನೆಡುವ ಬುದ್ಧಿ ಇದು.

ಈ ಬುದ್ಧಿಯನ್ನು ಬಿಡಿಸಲು ನೆರವಾದದ್ದು ಒಂದು ಪತ್ರಿಕೆ. 1665ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ಪತ್ರಿಕೆಯನ್ನು ಹೊರಡಿಸಿದ. ಅದು ಇಂದಿಗೂ ಬರುತ್ತಿದೆ. ಕಂಡದ್ದನ್ನು ಬಚ್ಚಿಡುವುದರಿಂದಲ್ಲ, ಎಲ್ಲರಿಗೂ ಕೊಡುವುದರಿಂದ ಅದು ನಿನ್ನದಾಗುತ್ತದೆ ಎಂಬುದು ಅಂಥ ಪತ್ರಿಕೆಗಳು ಕಲಿಸಿದ ನೀತಿ. ಯಾರ ಮಾತನ್ನೂ ಬರಿಯ ಮಾತೆಂದೇ ಒಪ್ಪಬೇಡ ಎಂಬುದು ಆ ಸೊಸೈಟಿಯ ಧ್ಯೇಯವಾಕ್ಯದ ತಾತ್ಪರ್ಯ. ನಮ್ಮಲ್ಲಿ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುವುದಿಲ್ಲವೆ, ಹಾಗೆ.

ಆ ನೀತಿಯ ಫಲವನ್ನು ನಮ್ಮ ದೇಶವೂ ಕಂಡಿದೆ. ಸಿ. ವಿ. ರಾಮನ್ನರು ಬೆಳಕಿನ ಚದುರಿಕೆಯ ತಮ್ಮ ಹೊಸ ಸಂಗತಿಯನ್ನು ಕಲ್ಕತ್ತೆಯಲ್ಲಿ ಕಂಡದ್ದು 1928ರ ಫೆಬ್ರವರಿ 28ರಂದು. ಮಾರನೆಯ ದಿನವೇ ಅದನ್ನು ವೃತ್ತಪತ್ರಿಕೆಗಳಿಗೆ ತಿಳಿಸಿದರು. ಮಾರ್ಚ್ 16ರಂದು ನಮ್ಮ ಬೆಂಗಳೂರಿಗೆ ಬಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ವಿವರವಾಗಿ ಉಪನ್ಯಾಸ ಮಾಡಿದರು. ಅದು ಅಚ್ಚಾಗಿ ದೇಶವಿದೇಶಗಳ ವಿಜ್ಞಾನಿಗಳಿಗೆ ಹೋಯಿತು. ಆ ವರ್ಷವೇ ಅಮೆರಿಕೆಯ ಆರ್. ಡಬ್ಲ್ಯು. ವುಡ್ ಪ್ರಯೋಗವನ್ನು ತಾವೂ ಮಾಡಿ ನೋಡಿ ನಿಜವೆಂದರು. ‘ನಾನು ಕಂಡದ್ದು ಇದು, ಕಂಡ ಬಗೆ ಇದು, ನೀವೂ ನೋಡಿ’ ಎನ್ನುವ ಮಾತಿನಲ್ಲಿ ಧೈರ್ಯವೂ ಇದೆ, ವಿನಯವೂ ಇದೆ.

ಈ ವಿನಯದ ಗುರುತು ವಿಜ್ಞಾನಪ್ರಬಂಧಗಳ ಮೈಯಲ್ಲೆಲ್ಲ ಕಾಣುತ್ತದೆ. ಅಳತೆಯೊಂದನ್ನು ಕೊಟ್ಟರೆ ಅದರ ಪಕ್ಕದಲ್ಲೇ ಕೂಡು-ಕಳೆ ಚಿಹ್ನೆ ಹಾಕಿ, ಇಷ್ಟು ಹೆಚ್ಚಾಗಿರಬಹುದು, ಇಷ್ಟು ಕಡಿಮೆಯಾಗಿರಬಹುದು ಎಂದು ಬರೆಯುತ್ತಾರೆ. ಎಷ್ಟು ಜನರನ್ನು ಪರೀಕ್ಷಿಸಿದೆವು, ಯಾರನ್ನು ಪರೀಕ್ಷಿಸಲಿಲ್ಲ, ಈ ಫಲಿತಾಂಶ ಎಲ್ಲಿಗೆ ಅನ್ವಯಿಸದು ಎಂದು ಕೊನೆಯಲ್ಲಿ ಒಂದು ಭಾಗವನ್ನೇ ಬರೆಯುತ್ತಾರೆ. ವ್ಯಾಪಾರಿಯೊಬ್ಬ ತನ್ನ ಸರಕಿನ ಪಕ್ಕದಲ್ಲಿ ಅದರ ಕುಂದಿನ ಪಟ್ಟಿಯನ್ನೂ ತೂಗುಹಾಕಿದ್ದನ್ನು ನೀವು ಕಂಡಿದ್ದೀರಾ? ಇಲ್ಲಿ ಅದು ನಿತ್ಯದ ನಡವಳಿಕೆ. ಹಾಗೆ ಬರೆಯದಿದ್ದರೆ ಜೊತೆಯ ವಿಜ್ಞಾನಿಗಳು ಬಿಡುವುದಿಲ್ಲ. ತನ್ನವರೆದುರು ಸಂದೇಹವನ್ನು ಮುಚ್ಚಿಟ್ಟವನು ಅಲ್ಲಿ ಮೋಸಗಾರ ಎನಿಸಿಕೊಳ್ಳುತ್ತಾನೆ.

ನನ್ನ ಪ್ರಶ್ನೆ ಇಷ್ಟೆ: ತನ್ನವರೆದುರು ಮೋಸವೆನಿಸಿಕೊಳ್ಳುವುದು ನಮ್ಮೆದುರು ಮಾಡಿದಾಗ ಸಮಾಧಾನ ಹೇಳುವುದು ಎನಿಸಿಕೊಳ್ಳುವುದು ಹೇಗೆ?

ಈ ಪ್ರಶ್ನೆ ಬರಿಯ ತರ್ಕದ್ದಲ್ಲ ಎಂಬುದಕ್ಕೆ ಇಟಲಿಯ ಒಂದು ಊರಿನ ಕಥೆ ಹೇಳಬೇಕು. ಲಾಕ್ವಿಲ ಎಂಬುದು ಆ ದೇಶದ ನಡುವೆ, ಬೆಟ್ಟಸಾಲಿನ ಮಡಿಲಲ್ಲಿರುವ ಹಳೆಯ ಪಟ್ಟಣ. 1703ರ ಭೂಕಂಪದಲ್ಲಿ ಅದು ನೆಲಸಮವಾಗಿತ್ತು. 2009ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಸಣ್ಣ ನಡುಕಗಳು ಮೇಲಿಂದ ಮೇಲೆ ಆಗತೊಡಗಿದವು. ಜನಕ್ಕೆ ದಿಗಿಲು. ಇದರ ಜೊತೆಗೆ, ಆ ಪ್ರದೇಶದ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದ ಒಬ್ಬಾತ, ನೆಲದಿಂದ ಏಳುವ ರೇಡಾನ್ ಅನಿಲವನ್ನು ಅಳೆದು ಭೂಕಂಪವನ್ನು ಮುಂಗಾಣಬಲ್ಲೆನೆಂದು ಹೇಳುತ್ತಿದ್ದ. ಅವನ ಮಾತಿನಿಂದ ಹತ್ತಿರದ ಸುಲ್ಮೋನ ಎಂಬ ಊರಿನಲ್ಲಿ ಗಾಬರಿ ಹಬ್ಬಿತು. ಅವನು ಹೇಳಿದಂತೆ ಅಲ್ಲಿ ಏನೂ ಆಗಲಿಲ್ಲ. ಮಾರ್ಚ್ 30ರಂದು 4ರ ಆಸುಪಾಸಿನ ಪ್ರಮಾಣದ ನಡುಕವೊಂದು ಲಾಕ್ವಿಲವನ್ನು ಅಲುಗಿಸಿತು. ಮಾರನೆಯ ದಿನ, ಮಾರ್ಚ್ 31ರಂದು, ಸರ್ಕಾರಕ್ಕೆ ಸಲಹೆ ಕೊಡುವ ಭಾರಿ ಅಪಾಯಗಳ ಆಯೋಗದ ವಿಜ್ಞಾನಿಗಳನ್ನು ಆ ಊರಿಗೇ ಕರೆಸಿ ಸಭೆ ಸೇರಿಸಿದರು. ಸಭೆ ನಡೆದದ್ದು ಸುಮಾರು ಒಂದು ಗಂಟೆ.

ಒಳಗೆ ಅವರು ಆಡಿದ ಮಾತುಗಳು ಶಾಸ್ತ್ರಕ್ಕೆ ಸರಿಯಾದವೇ. ಸಣ್ಣ ನಡುಕಗಳು ಕಂಡವೆಂದು ದೊಡ್ಡದು ಬಂದೇ ಬರುವುದೆಂದು ಹೇಳಲಾಗದು, ಬಹುಮಟ್ಟಿಗೆ ಬರುವುದಿಲ್ಲ. 1703ರಂಥದು ಸದ್ಯದಲ್ಲಿ ಸಂಭವಿಸುವುದು ಅಸಂಭಾವ್ಯ. ಆದರೆ ಆಗಲಾರದೆಂದು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಇದು ಅಲ್ಲಿನ ಚರ್ಚೆಯ ಸಾರ. ಈ ‘ತಳ್ಳಿಹಾಕುವಂತಿಲ್ಲ’ ಎಂಬುದನ್ನು ಗುರುತಿಟ್ಟುಕೊಳ್ಳಿ. ಅದು ನಮ್ಮ ಡಾಕ್ಟರ ‘ಸದ್ಯಕ್ಕೆ’.

ಹೊರಗೆ ಏನಾಯಿತು? ನಾಗರಿಕ ರಕ್ಷಣಾ ಇಲಾಖೆಯ ಉಪಮುಖ್ಯಸ್ಥ ಬೆರ್ನಾರ್ದೊ ದೆ ಬೆರ್ನಾರ್ದಿನಿಸ್ ಸಭೆಗೆ ಮುಂಚೆಯೇ ದೂರದರ್ಶನದವರೊಡನೆ ಮಾತನಾಡಿದರು. ಅಪಾಯವಿಲ್ಲ, ನಡುಕಗಳ ಮೂಲಕ ಶಕ್ತಿ ಹೊರಹೋಗುತ್ತಿದೆ, ಆದ್ದರಿಂದ ಇದು ಅನುಕೂಲದ ಸಂಗತಿಯೆಂದೇ ವಿಜ್ಞಾನಿಗಳು ತಮಗೆ ಹೇಳುತ್ತಿದ್ದಾರೆ ಎಂದರು. ಹಾಗಾದರೆ ಮನೆಗೆ ಹೋಗಿ ಒಂದು ಲೋಟ ದ್ರಾಕ್ಷಾರಸ ಕುಡಿಯೋಣವೆ ಎಂದು ಸುದ್ದಿಗಾರ ಕೇಳಿದ್ದಕ್ಕೆ, ಖಂಡಿತವಾಗಿ ಎಂದು ಹೇಳಿ, ಆ ಸೀಮೆಯ ಒಳ್ಳೆಯ ದ್ರಾಕ್ಷಾರಸದ ಹೆಸರನ್ನೂ ಸೂಚಿಸಿದರು. ಶಕ್ತಿ ಹೊರಹೋಗುವ ಈ ಲೆಕ್ಕ ತಪ್ಪು. ಭೂಕಂಪದ ಪ್ರಮಾಣ ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ; ಎರಡು ಅಂಕ ಏರಿದರೆ ಸುಮಾರು 1000 ಪಟ್ಟು. 4ರ ನಡುಕಗಳಿಂದ 6ರ ಕಂಪವನ್ನು ಬರಿದುಮಾಡುವುದೆಂದರೆ ಚಮಚದಲ್ಲಿ ಕೆರೆ ಬತ್ತಿಸಿದಂತೆ. ಕೋಣೆಯೊಳಗಿದ್ದ ಭೂಕಂಪಶಾಸ್ತ್ರಜ್ಞರಿಗೆ ಇದು ಬಾಲಪಾಠ. ಆದರೆ ಸಭೆ ಮುಗಿದ ಮೇಲೆ ಅವರಲ್ಲಿ ಬಹುಮಂದಿ ಊರಿನ ಜನಕ್ಕೆ ಏನೂ ಹೇಳದೆ ಹೊರಟುಹೋದರು. ಜನಕ್ಕೆ ಉಳಿದದ್ದು ದ್ರಾಕ್ಷಾರಸದ ಮಾತು.

ಆ ಊರಿನವರಿಗೆ ಒಂದು ಹಳೆಯ ಪದ್ಧತಿ ಇತ್ತು. ನೆಲ ಅಲುಗಿತೆಂದರೆ ಮಕ್ಕಳುಮರಿಗಳನ್ನು ಎಬ್ಬಿಸಿಕೊಂಡು, ಕಂಬಳಿ ಹೊದ್ದು, ಚೌಕದಲ್ಲೋ ಬಯಲಿನಲ್ಲೋ ರಾತ್ರಿ ಕಳೆಯುವುದು. ಭೂಕಂಪಶಾಸ್ತ್ರ ಹುಟ್ಟುವ ಮೊದಲಿನದು ಆ ಪದ್ಧತಿ. ಏಪ್ರಿಲ್ 5ರ ರಾತ್ರಿ ಹನ್ನೊಂದಕ್ಕೆ ಸ್ವಲ್ಪ ಮುಂಚೆ ಒಂದು ನಡುಕ ಬಂತು. ನಡುರಾತ್ರಿ ಕಳೆದ ಮೇಲೆ ಇನ್ನೊಂದು. ಕೆಲವರು ಎಂದಿನಂತೆ ಹೊರಗೆ ಬಂದರು. ಹಲವರು, ತಿಳಿದವರು ಹೇಳಿದ್ದಾರಲ್ಲ ಎಂದು, ಒಳಗೇ ಮಲಗಿದರು. ಏಪ್ರಿಲ್ 6ರ ಬೆಳಗಿನ ಜಾವ 3 ಗಂಟೆ 32 ನಿಮಿಷಕ್ಕೆ 6.3 ಪ್ರಮಾಣದ ಭೂಕಂಪ. ಸತ್ತವರು 309 ಮಂದಿ. ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡ ಅಲ್ಲಿನ ಶಸ್ತ್ರವೈದ್ಯರೊಬ್ಬರು ಮುಂದೆ ಹೇಳಿದ ಮಾತು ಹೀಗೆ: ಚಿಕ್ಕಂದಿನಲ್ಲಿ ನಡುಕ ಬಂದಾಗಲೆಲ್ಲ ತಂದೆ ತಮ್ಮನ್ನು ಹೊರಗೆ ಕರೆದೊಯ್ಯುತ್ತಿದ್ದರು, ಆ ರಾತ್ರಿ ಮಾತ್ರ ತಾವು ಮನೆಯವರನ್ನು ಒಳಗೇ ಇರಿಸಿಕೊಂಡರು. ಅದನ್ನು ಓದಿದಾಗ ನಾನು ಪತ್ರಿಕೆಯನ್ನು ಮಡಿಸಿಟ್ಟು ಬಹಳ ಹೊತ್ತು ಕುಳಿತಿದ್ದೆ. ತಾನಾಗಿ ಮಾಡುತ್ತಿದ್ದುದನ್ನು ಬಲ್ಲವರ ಮಾತಿಗೆ ಕಟ್ಟುಬಿದ್ದು ಬಿಟ್ಟವನ ದುಃಖವನ್ನು ನಮ್ಮ ಅಣ್ಣನ ಮುಖದಲ್ಲಿ ನಾನು ಕಂಡಿದ್ದೆ.

ಆಮೇಲೆ ನಡೆದದ್ದು ಮೊಕದ್ದಮೆ. ಆರು ಮಂದಿ ವಿಜ್ಞಾನಿಗಳು, ತಜ್ಞರು, ಜೊತೆಗೆ ಆ ಅಧಿಕಾರಿ, ಹೀಗೆ ಏಳು ಜನಕ್ಕೆ 2012ರ ಅಕ್ಟೋಬರ್ 22ರಂದು ಕೆಳಗಿನ ನ್ಯಾಯಾಲಯ ಆರಾರು ವರ್ಷಗಳ ಸೆರೆವಾಸ ವಿಧಿಸಿತು. ಭೂಕಂಪವನ್ನು ಮುಂಗಾಣಲಿಲ್ಲವೆಂದು ವಿಜ್ಞಾನಿಗಳನ್ನು ಜೈಲಿಗೆ ಹಾಕಿದರೆಂದು ಪ್ರಪಂಚದಲ್ಲೆಲ್ಲ ಕೂಗೆದ್ದಿತು. ಆಪಾದನೆ ಹಾಗಿರಲಿಲ್ಲ, ಅಪಾಯವನ್ನು ಸರಿಯಾಗಿ ತೂಗಲಿಲ್ಲ, ಸರಿಯಾಗಿ ತಿಳಿಸಲಿಲ್ಲ ಎಂಬುದು ಆಪಾದನೆ. 2014ರ ನವೆಂಬರಿನಲ್ಲಿ ಮೇಲಿನ ನ್ಯಾಯಾಲಯ ಆರು ಮಂದಿಯನ್ನು ಬಿಡುಗಡೆ ಮಾಡಿ, ಅಧಿಕಾರಿಯ ಶಿಕ್ಷೆಯನ್ನು ಎರಡು ವರ್ಷಕ್ಕೆ ಇಳಿಸಿತು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು.

ವಿಜ್ಞಾನಿಗಳ ಬಿಡುಗಡೆ ಸರಿಯೆಂದೇ ನನಗೆ ತೋರುತ್ತದೆ. ತಪ್ಪು ಮಾತಿಗೆ ಸೆರೆಮನೆ ಎಂದಾದರೆ ನಾಳೆ ಯಾವ ತಜ್ಞನೂ ಬಾಯಿ ತೆರೆಯಲಾರ; ಅಥವಾ ತನ್ನ ತಲೆ ಉಳಿಸಿಕೊಳ್ಳಲು ದಿನಕ್ಕೊಂದು ಸಲ ‘ಹುಲಿ ಬಂತು’ ಎಂದು ಕೂಗುತ್ತಾನೆ. ಎರಡೂ ನಮಗೆ ಕೇಡು. ಆದರೆ ಕಾನೂನಿನ ಲೆಕ್ಕ ಬೇರೆ, ಧರ್ಮದ ಲೆಕ್ಕ ಬೇರೆ. ನ್ಯಾಯಾಲಯ ಬಿಟ್ಟಿತೆಂದ ಮಾತ್ರಕ್ಕೆ ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ. ಭೂಕಂಪ ಯಾವಾಗ ಬರುವುದೆಂದು ಅವರಿಗೆ ತಿಳಿದಿರಲಿಲ್ಲ. ಅದು ದೋಷವಲ್ಲ, ಇಂದಿಗೂ ಯಾರಿಗೂ ತಿಳಿಯದು. ತಿಳಿಯದು ಎಂಬುದು ಮಾತ್ರ ಅವರಿಗೆ ತಿಳಿದಿತ್ತು. ಆ ತಿಳಿವಳಿಕೆ ಊರಿನವರದೂ ಆಗಬೇಕಿತ್ತು. ಅದು ಅವರಿಗೆ ಸಲ್ಲಬೇಕಾದ ಆಸ್ತಿ; ಸಲ್ಲಲಿಲ್ಲ.

ಇದಕ್ಕೆ ಎರಡು ಆಕ್ಷೇಪಣೆಗಳನ್ನು ಕೇಳಿದ್ದೇನೆ. ಮೊದಲನೆಯದು, ಜನ ಗಾಬರಿಯಾಗುತ್ತಾರೆ ಎಂಬುದು. ಅಪ್ರಿಯವಾದ ಸತ್ಯವನ್ನು ಹೇಳಬಾರದೆಂದು ನಮ್ಮ ಹಿರಿಯರೂ ನೀತಿ ಹೇಳಿದ್ದಾರೆ. ಗಾಬರಿಯಿಂದ ಕೇಡಾಗುವುದೂ ಉಂಟು, ಒಪ್ಪಿದೆ. ಆದರೆ ಅದೇ ಹಿರಿಯರು ಪ್ರಿಯವಾದ ಸುಳ್ಳನ್ನೂ ಹೇಳಬಾರದೆಂದು ಜೊತೆಯಲ್ಲೇ ಹೇಳಿದರು. ಆ ಅರ್ಧವನ್ನು ನಾವು ಸೌಕರ್ಯಕ್ಕೆ ತಕ್ಕಂತೆ ಮರೆಯುತ್ತೇವೆ. ಅಂಥ ಮರೆವಿನಿಂದ ಲಾಭ ಯಾರಿಗೆ? ಲಾಕ್ವಿಲದ ಆ ರೇಡಾನಿನವನಂಥವರಿಗೆ. ಅವನ ಮಾತಿಗೆ ವಿಜ್ಞಾನದ ಆಧಾರ ಸಾಲದಿತ್ತು. ಸುಲ್ಮೋನದಲ್ಲಿ ಅದು ಸುಳ್ಳೂ ಆಗಿತ್ತು. ಆದರೂ ಏಪ್ರಿಲ್ 6ರ ಮೇಲೆ ಅನೇಕರಿಗೆ ಅವನೇ ನಿಜವಾದ ಜ್ಞಾನಿಯಾಗಿ ಕಂಡ. ಬಲ್ಲವನು ‘ಬಾರದು’ ಎಂದು ಪಣ ತೊಟ್ಟರೆ, ಬಲ್ಲದವನು ‘ಬರುತ್ತದೆ’ ಎಂದು ಪಣ ತೊಡುತ್ತಾನೆ. ಜೂಜಿನಲ್ಲಿ ಒಮ್ಮೆಯಾದರೂ ಅವನದು ಗೆಲ್ಲುತ್ತದೆ; ಆಗ ಬಲ್ಲವನ ನೂರು ನಿಜಗಳೂ ಸೋಲುತ್ತವೆ.

ಕೋವಿಡ್ ಕಾಲದಲ್ಲಿ ಇದನ್ನು ನಾವೆಲ್ಲ ಅನುಭವಿಸಿದೆವು. 2020ರ ಮಾರ್ಚ್ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ರೋಗ ಗಾಳಿಯಲ್ಲಿ ಹರಡುವುದಿಲ್ಲ ಎಂಬುದನ್ನು ‘ಸತ್ಯಾಂಶ’ ಎಂಬ ತಲೆಬರಹ ಹಾಕಿಯೇ ಸಾರಿತು. ಮುಂದೆ 2021ರಲ್ಲಿ, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಂದಲೂ ಹರಡುವುದೆಂದು ಒಪ್ಪಿಕೊಳ್ಳಬೇಕಾಯಿತು. ಮುಖವಸ್ತ್ರದ ವಿಷಯದಲ್ಲೂ ಹಾಗೆಯೇ. ಆರೋಗ್ಯವಂತರಿಗೆ ಬೇಡವೆಂದಿದ್ದವರು 2020ರ ಜೂನಿನಲ್ಲಿ ರೋಗ ಹರಡಿರುವ ಕಡೆಗಳಲ್ಲಿ ಬೇಕೆಂದರು. ಹೊಸ ಪ್ರಮಾಣ ಸಿಕ್ಕಾಗ ಮಾತು ತಿದ್ದಿಕೊಳ್ಳುವುದು ವಿಜ್ಞಾನದ ಹೆಮ್ಮೆ. ‘ಈಗ ನಮಗೆ ತಿಳಿದಂತೆ’ ಎಂದು ಮೊದಲೇ ಹೇಳಿದ್ದರೆ ನಾವೂ ಹೆಮ್ಮೆಪಡುತ್ತಿದ್ದೆವು. ಹೇಳದೆ ಇದ್ದುದರಿಂದ ಅದೇ ತಿದ್ದುಪಡಿ ನಾಲಗೆ ಹೊರಳಿಸಿದಂತೆ ಕಂಡಿತು. ನಮ್ಮ ಬೀದಿಯ ದಿನಸಿ ಅಂಗಡಿಯವರು, “ಇವರು ದಿನಕ್ಕೊಂದು ಹೇಳ್ತಾರೆ ಸ್ವಾಮಿ” ಎಂದದ್ದು ನನಗೆ ನೆನಪಿದೆ. ಅವರದು ಮೂರ್ಖತನವಲ್ಲ. ಸಂದೇಹವಿಲ್ಲದ ಮಾತನ್ನು ಕೊಂಡವರು ಅದು ಕೆಟ್ಟಾಗ ಸಿಟ್ಟಾಗುವುದು ಸಹಜವೇ.

ಎರಡನೆಯ ಆಕ್ಷೇಪಣೆ, ಸಾಮಾನ್ಯ ಜನಕ್ಕೆ ಸಂದೇಹದ ಭಾಷೆ ಅರ್ಥವಾಗದು, ಅವರಿಗೆ ಹೌದು ಇಲ್ಲ ಎರಡೇ ಸಾಕು ಎಂಬುದು. ಹೀಗೆನ್ನುವವರು ಕನ್ನಡದ ಕ್ರಿಯಾಪದವನ್ನು ಗಮನಿಸಿಲ್ಲ ಎಂದೇ ನಾನು ಹೇಳುತ್ತೇನೆ. ನಮ್ಮ ಹಳ್ಳಿಯ ಮುದುಕಿ ಮುಗಿಲು ನೋಡಿ ಏನನ್ನುತ್ತಾಳೆ? ‘ಮಳೆ ಬರುತ್ತದೆ’ ಎನ್ನುವುದು ಒಂದು. ‘ಬರಬಹುದು’ ಎನ್ನುವುದು ಇನ್ನೊಂದು. ‘ಬಂದರೂ ಬರಬಹುದು’ ಎಂಬುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ‘ಬಂದೀತು’ ಎಂಬುದರಲ್ಲಿ ಒಂದು ಎಚ್ಚರಿಕೆ. ‘ಬರಲಾರದು’ ಎಂಬುದರಲ್ಲಿ ತನ್ನ ಅಂದಾಜು. ‘ಬಂತಂತೆ’ ಎಂದರೆ ತಾನು ಕಂಡದ್ದಲ್ಲ, ಕೇಳಿದ್ದು. ಇಷ್ಟು ಮೆಟ್ಟಿಲುಗಳನ್ನು ಅವಳು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ‘ಬಂದೀತು’ ಎಂದರೆ ಹಪ್ಪಳ ಒಳಗೆ ತೆಗೆದಿಡಬೇಕೆಂದು ಅವಳ ಮೊಮ್ಮಗಳಿಗೆ ಗೊತ್ತು. ವ್ಯಾಕರಣದವರು ಈ ‘ಬಂದೀತು’, ‘ಬಂದಾನು’ಗಳನ್ನು ಸಂಭಾವನಾರೂಪ ಎಂದು ಕರೆದು ಬೇರೆಯಾಗಿಯೇ ಪಾಠ ಹೇಳುತ್ತಾರೆ. ಇಂಥ ನುಡಿಯನ್ನಾಡುವ ಜನಕ್ಕೆ ಸಂಭಾವ್ಯತೆ ಅರ್ಥವಾಗದೆ? ಲಾಕ್ವಿಲದ ಜನಕ್ಕೂ ಅರ್ಥವಾಗುತ್ತಿತ್ತು. ಕಂಬಳಿ ಹೊದ್ದು ಬಯಲಿಗೆ ಬರುತ್ತಿದ್ದ ಪದ್ಧತಿ ಮತ್ತೇನು? ‘ಬರಲಾರದು, ಬಂದರೂ ಬಂದೀತು’ ಎಂಬುದನ್ನು ಮೈಯಿಂದ ಆಡಿ ತೋರಿಸಿದ ವಾಕ್ಯ ಅದು.

ಅಂದು ಆ ವಿಜ್ಞಾನಿಗಳಲ್ಲಿ ಒಬ್ಬರು ಚೌಕದಲ್ಲಿ ನಿಂತು ಹೇಳಬಹುದಾಗಿದ್ದ ಮಾತನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೇನೆ. “ದೊಡ್ಡ ಭೂಕಂಪ ಬರುವ ಸಂಭವ ಕಡಿಮೆ. ಬಾರದೆಂದು ಮಾತು ಕೊಡಲು ನಮ್ಮಿಂದಾಗದು; ಯಾರಿಂದಲೂ ಆಗದು. ನಿಮ್ಮ ಊರು ಭೂಕಂಪದ ಊರು. ನಿಮ್ಮ ಮನೆ ಹಳೆಯದಾಗಿದ್ದರೆ ಎಚ್ಚರವಾಗಿರಿ. ನಿಮ್ಮ ಹಿರಿಯರ ಪದ್ಧತಿಯನ್ನು ಬಿಡಬೇಕಾಗಿಲ್ಲ.” ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಇದರಲ್ಲಿ ಗಾಬರಿ ಹುಟ್ಟಿಸುವುದು ಏನಿದೆ? ಕೇಳಿದವರು ಒಳಗೆ ಮಲಗಬಹುದಿತ್ತು, ಹೊರಗೂ ಮಲಗಬಹುದಿತ್ತು, ಆಯ್ಕೆ ಅವರದಾಗುತ್ತಿತ್ತು. ನನ್ನ ಮಟ್ಟಿಗೆ ಎಲ್ಲದರ ತಿರುಳು ಇಲ್ಲಿದೆ. ಸಂದೇಹವನ್ನು ಮುಚ್ಚಿಟ್ಟು ಸಮಾಧಾನ ಹೇಳುವವನು ನಮ್ಮ ಪರವಾಗಿ ತಾನೇ ನಿರ್ಧಾರ ಮಾಡಿಬಿಡುತ್ತಾನೆ. ಫಲವನ್ನು ಮಾತ್ರ ನಾವು ಉಣ್ಣಬೇಕು. ದೊಡ್ಡವರು ಮಕ್ಕಳನ್ನು ಹಾಗೆ ನಡೆಸಿಕೊಳ್ಳುವುದುಂಟು. ಬೆಳೆದವರನ್ನು ಹಾಗೆ ನಡೆಸಿಕೊಂಡರೆ ಅದು ಕರುಣೆಯ ವೇಷ ಹಾಕಿದ ತಿರಸ್ಕಾರ.

ಹಾಗಾದರೆ ಬಾಗಿಲನ್ನೇ ಕಿತ್ತುಹಾಕಿಬಿಟ್ಟರೆ? ವಿಜ್ಞಾನಿಗಳು ತಮ್ಮೊಳಗೆ ಆಡುವುದನ್ನೆಲ್ಲ ಯಾರು ಬೇಕಾದರೂ ಕೇಳುವಂತೆ ಮಾಡಿದರೆ? ಇಂದು ಅದೂ ಬಹುಮಟ್ಟಿಗೆ ಆಗಿದೆ. ಭೌತವಿಜ್ಞಾನಿಗಳು 1991ರಿಂದಲೇ ತಮ್ಮ ಪ್ರಬಂಧಗಳನ್ನು ಪತ್ರಿಕೆಯ ಪರಿಶೀಲನೆಗೆ ಕಾಯದೆ ಗಣಕಯಂತ್ರದ ಮೂಲಕ ಎಲ್ಲರ ಮುಂದೆ ಇಡುತ್ತ ಬಂದಿದ್ದಾರೆ. ಜೀವವಿಜ್ಞಾನಿಗಳೂ ಆ ದಾರಿ ಹಿಡಿದಿದ್ದಾರೆ. ಇದರಿಂದ ಕೆಲಸ ಬೇಗ ಸಾಗುತ್ತದೆ. ಆದರೆ 2020ರ ಜನವರಿ 31ರಂದು ನಮ್ಮ ದೇಶದ ಕೆಲವು ಸಂಶೋಧಕರು, ಕೊರೋನ ವೈರಸ್ಸಿನ ಕೆಲವು ಭಾಗಗಳು ಏಡ್ಸ್ ರೋಗದ ವೈರಸ್ಸನ್ನು ಹೋಲುತ್ತವೆಂಬ ಪ್ರಬಂಧವನ್ನು ಹಾಗೆ ಮುಂದಿಟ್ಟರು. ಬಲ್ಲವರು ಅದರ ದೋಷಗಳನ್ನು ಕೂಡಲೇ ತೋರಿಸಿದರು. ಎರಡು ದಿನದೊಳಗೆ, ಫೆಬ್ರವರಿ 2ರಂದು, ಅದನ್ನು ಹಿಂತೆಗೆದುಕೊಂಡರು. ವಿಜ್ಞಾನದ ಲೆಕ್ಕದಲ್ಲಿ ಇದು ಒಳ್ಳೆಯ ನಡತೆ. ಆದರೆ ವೈರಸ್ಸನ್ನು ಯಾರೋ ಬೇಕೆಂದೇ ಹೊಲಿದು ಸೇರಿಸಿದರೆಂಬ ಗಾಳಿಮಾತು ಅಷ್ಟರಲ್ಲಿ ದೇಶಗಳನ್ನು ದಾಟಿತ್ತು. ಅರ್ಧ ತೆರೆದ ಬಾಗಿಲಿನಿಂದ ನಾನು ಅರ್ಧ ಇಂಗ್ಲಿಷ್ ಕೇಳಿಸಿಕೊಂಡೆನಲ್ಲ, ಹಾಗೆ. ಕೇಳಿಸಿದ ಮಾತ್ರಕ್ಕೆ ತಿಳಿಸಿದಂತೆ ಆಗಲಿಲ್ಲ. ಬಾಗಿಲಿನಾಚೆ ಬಂದು ಒಬ್ಬರು ನಿಂತು, ನಮ್ಮ ನುಡಿಯಲ್ಲಿ, ಇಷ್ಟು ತಿಳಿದಿದೆ, ಇಷ್ಟು ತಿಳಿದಿಲ್ಲ ಎಂದು ಹೇಳುವ ಕೆಲಸ ಉಳಿದೇ ಇರುತ್ತದೆ.

ಇಷ್ಟೆಲ್ಲ ಹೇಳಿ ಭಾರವನ್ನು ವಿಜ್ಞಾನಿಗಳ ಮೇಲೆ ಹೊರಿಸಿ ನಾನು ಪಾರಾಗಲಾರೆ. ‘ಸದ್ಯಕ್ಕೆ’ ಎಂಬುದನ್ನು ಕೈಬಿಟ್ಟವರು ಡಾಕ್ಟರಲ್ಲ, ನಾನು. ಏಕೆ ಬಿಟ್ಟೆ? ಕಾಗದದಲ್ಲಿ ಜಾಗವಿತ್ತು. ಮರೆತಿರಲೂ ಇಲ್ಲ, ಅಂದು ರಾತ್ರಿ ಆ ಮಾತು ಅಕ್ಷರಶಃ ನೆನಪಿಗೆ ಬಂತು. ನಾನು ಕೇಳಬೇಕೆಂದಿದ್ದುದು ‘ಯೋಚನೆಯಿಲ್ಲ’ ಎಂಬುದನ್ನು. ಅಷ್ಟು ಮಾತ್ರ ಕಿವಿಗೆ ಇಳಿಯಿತು. ವೃತ್ತಪತ್ರಿಕೆಗಳ ತಲೆಬರಹ ಬರೆಯುವವರನ್ನು ನಾವು ಬೈಯುತ್ತೇವೆ. ‘ಇಲಿಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ ಸ್ವಲ್ಪ ಗುಣ ಕಂಡಿತು’ ಎಂಬುದು ‘ಕ್ಯಾನ್ಸರಿಗೆ ಮದ್ದು’ ಎಂದಾಗುವುದು ಅವರ ಮೇಜಿನ ಮೇಲೆ ಎನ್ನುವುದು ನಿಜ. ಆದರೆ ಮೊದಲನೆಯದನ್ನು ಹಾಗೇ ಅಚ್ಚು ಹಾಕಿದರೆ ನಾವು ಪುಟ ತಿರುಗಿಸುತ್ತೇವೆ ಎಂಬುದೂ ಅಷ್ಟೇ ನಿಜ. ಸಂದೇಹವನ್ನು ಕೊಡುವುದು ಬಲ್ಲವರ ಧರ್ಮವಾದರೆ, ಅದನ್ನು ಚೆಲ್ಲದೆ ಹೊತ್ತು ಮುಂದಿನವರಿಗೆ ಮುಟ್ಟಿಸುವುದು ನಮ್ಮ ಧರ್ಮ. ತುಂಬಿದ ಕೊಡಕ್ಕಿಂತ ಅರ್ಧ ತುಂಬಿದ ಕೊಡ ಹೆಚ್ಚು ತುಳುಕುತ್ತದೆ; ಅದನ್ನು ಹೊರಲು ಹೆಚ್ಚು ಎಚ್ಚರ ಬೇಕು.

ನಮ್ಮ ಅಣ್ಣ ಈಗಿಲ್ಲ. ಅವರು ಹೋದ ಮೇಲೆ ಅತ್ತಿಗೆಯವರು ಹಳೆಯ ಕಾಗದಗಳ ಕಟ್ಟೊಂದನ್ನು ನನಗೆ ಕೊಟ್ಟರು. ಅದರಲ್ಲಿ ನನ್ನ ಆ ಕಾಗದವೂ ಇತ್ತು. ‘ಯೋಚನೆಯಿ’ ಎಂಬಲ್ಲಿ ಸಾಲು ಮುಗಿದು ‘ಲ್ಲ’ ಎಂಬುದು ಕೆಳಗಿನ ಸಾಲಿಗೆ ಬಂದಿದೆ. ಮೇಲಿನ ಸಾಲಿನ ಮೊದಲಲ್ಲಿ ಒಂದು ಬೆರಳಿನಷ್ಟು ಜಾಗ ಖಾಲಿ ಇದೆ. ಈಗಲೂ ಮನೆಯವರಿಗೆ ಕಾಯಿಲೆಯಾಗಿ ಡಾಕ್ಟರು ಏನಾದರೂ ಹೇಳಿದರೆ, ನಾನು ಅಲ್ಲೇ ಒಂದು ಚೀಟಿಯ ಮೇಲೆ ಅವರಾಡಿದಂತೆಯೇ ಬರೆದುಕೊಳ್ಳುತ್ತೇನೆ. ‘ಬಹುಶಃ’ ಎಂದರೆ ‘ಬಹುಶಃ’ ಎಂದೇ ಬರೆಯುತ್ತೇನೆ. ಮಕ್ಕಳು ಫೋನಿನಲ್ಲಿ ಕೇಳಿದಾಗ ಆ ಚೀಟಿ ನೋಡಿಯೇ ಓದಿ ಹೇಳುತ್ತೇನೆ. “ಒಟ್ಟಿನಲ್ಲಿ ಏನಂತಪ್ಪಾ?” ಎಂದು ಅವರಿಗೆ ಬೇಸರ. ಒಟ್ಟಿನಲ್ಲಿ ಏನೆಂದು ಹೇಳಲು ನನಗೆ ಬರುವುದಿಲ್ಲ. ಹೊರಡಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಲಿ.